ಕಾನ್‌ಸ್ಟಂಟೈನ್ ಚಕ್ರವರ್ತಿ

ಹಿಂದೆ ನಮ್ಮ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನಲ್ಲಿ ರೋಮನ್ ಚಕ್ರವರ್ತಿಗಳ ಬಂಗಾರದ ನಾಣ್ಯಗಳು ದೊರೆತಿವೆ. ಅವು ಕ್ರಿ.ಶ. ಐದು, ಆರನೆಯ ಶತಮಾನಗಳವು. ಒಂದು ರೋಮನ್ ಪೌಂಡು ಬಂಗಾರಕ್ಕೆ 72ರಂತೆ ಇಂಥ ನಾಣ್ಯಗಳನ್ನು ಮೊದಲು ಹೊರಡಿಸಿದವನು ಕಾನ್‌ಸ್ಟಂಟೈನ್ ಚಕ್ರವರ್ತಿ. ಕ್ರೈಸ್ತರಾದ ನಾವು ಆತನನ್ನು ಬೇರೊಂದು ಕಾರಣಕ್ಕಾಗಿ ನೆನೆಯುತ್ತೇವೆ. ನಿರ್ಭಯವಾಗಿ ದೇವಾಲಯ ಕಟ್ಟಿ ಆರಾಧಿಸುವ ಹಕ್ಕು ನಮ್ಮ ಪೂರ್ವಿಕರಿಗೆ ಸ್ಥಿರವಾಗಿ ದೊರೆತದ್ದು ಆತನ ಕಾಲದಲ್ಲಿ. ನಮ್ಮ ದೇವಾಲಯ ನೂರು ವರ್ಷ ಪೂರೈಸಿದ ಈ ಶುಭಸಮಯದಲ್ಲಿ ಆತನ ಚರಿತ್ರೆಯನ್ನು ಅರಿಯುವುದು ಉಚಿತವೆಂದು ಭಾವಿಸಿದ್ದೇವೆ.

ಕಾನ್‌ಸ್ಟಂಟೈನನು ಸುಮಾರು 272ರಲ್ಲಿ, ಇಂದಿನ ಸೆರ್ಬಿಯ ದೇಶದ ನಿಶ್ ನಗರದಲ್ಲಿ ಜನಿಸಿದನು. ತಂದೆ ಕಾನ್‌ಸ್ಟಾಂಷಿಯಸ್ ಸೇನಾಧಿಕಾರಿ; ತಾಯಿ ಸಂತ ಹೆಲೆನಾ ಸಾಮಾನ್ಯ ಮನೆತನದವರು. ಡಯೊಕ್ಲೇಷಿಯನ್ ಚಕ್ರವರ್ತಿಯ ಆಸ್ಥಾನದಲ್ಲಿದ್ದಾಗ, 303ರಲ್ಲಿ ಆರಂಭವಾದ ಘೋರ ಹಿಂಸೆಯನ್ನು ಆತನು ಕಂಡನು. ದೇವಾಲಯಗಳು ನೆಲಸಮವಾದವು, ಧರ್ಮಗ್ರಂಥಗಳು ಅಗ್ನಿಗೆ ಆಹುತಿಯಾದವು, ಅನೇಕರು ಪ್ರಾಣವನ್ನೇ ತೆತ್ತರು.

306ರಲ್ಲಿ ಬ್ರಿಟನ್ನಿನ ಯಾರ್ಕ್ ನಗರದಲ್ಲಿ ತಂದೆ ತೀರಿಕೊಂಡಾಗ ಸೈನಿಕರು ಮಗನನ್ನು ಚಕ್ರವರ್ತಿಯೆಂದು ಸಾರಿದರು. 312ರ ಅಕ್ಟೋಬರ್ 28ರಂದು ರೋಮಿನ ಬಳಿ ಮಿಲ್ವಿಯನ್ ಸೇತುವೆಯ ಕಾಳಗದಲ್ಲಿ ಆತನು ಮ್ಯಾಕ್ಸೆನ್ಷಿಯಸನನ್ನು ಸೋಲಿಸಿದನು. ಈ ಜಯವು ಕ್ರೈಸ್ತರ ದೇವರ ಅನುಗ್ರಹವೆಂದು ನಂಬಿದನು. ಮರುವರ್ಷ ಮಿಲಾನಿನಲ್ಲಿ ಲಿಸಿನಿಯಸನೊಡನೆ ಮಾಡಿಕೊಂಡ ಒಪ್ಪಂದದಂತೆ ಕ್ರೈಸ್ತರಿಗೂ ಇತರರೆಲ್ಲರಿಗೂ ಆರಾಧನೆಯ ಸ್ವಾತಂತ್ರ್ಯ ಲಭಿಸಿತು. ಕ್ರೈಸ್ತರಿಂದ ಕಸಿದುಕೊಂಡಿದ್ದ ಸ್ಥಳಗಳು ಮರಳಿ ಬಂದವು. ಕ್ರೈಸ್ತಧರ್ಮವನ್ನು ರಾಜ್ಯಧರ್ಮವಾಗಿಸಿದವನು ಈತನೇ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಆ ಕಾರ್ಯ ನಡೆದದ್ದು 380ರಲ್ಲಿ, ಥಿಯೊಡೋಸಿಯಸನ ಆಳ್ವಿಕೆಯಲ್ಲಿ.

321ರಲ್ಲಿ ಭಾನುವಾರ ವಿರಾಮದ ದಿನವಾಯಿತು. ರೋಮಿನಲ್ಲಿ ಸಂತ ಪೇತ್ರರ ಸಮಾಧಿಯ ಮೇಲೆ, ಜೆರುಸಲೇಮಿನಲ್ಲಿ ಯೇಸುಸ್ವಾಮಿಯ ಸಮಾಧಿಯ ಬಳಿ ಮಹಾದೇವಾಲಯಗಳು ಎದ್ದವು. ದೇವಪುತ್ರರು ಸೃಷ್ಟಿಯಾದವರೆಂದು ಬೋಧಿಸಿದ ಏರಿಯಸನ ವಾದದಿಂದ ಕಲಹವೆದ್ದಾಗ, ಚಕ್ರವರ್ತಿಯು 325ರಲ್ಲಿ ನೈಸೀಯದಲ್ಲಿ ಧರ್ಮಾಧ್ಯಕ್ಷರ ಮಹಾಸಭೆ ಕರೆದನು. ಇಂದು ಬಲಿಪೂಜೆಯಲ್ಲಿ ನಾವು ಹೇಳುವ ನೈಸೀಯ ವಿಶ್ವಾಸಪ್ರಮಾಣದ ಮೂಲ ಅಲ್ಲಿದೆ.

ಆತನ ದೋಷಗಳನ್ನೂ ಮರೆಮಾಚಲಾಗದು. 326ರಲ್ಲಿ ಹಿರಿಯ ಮಗ ಕ್ರಿಸ್ಪಸನನ್ನು ಆತನೇ ಕೊಲ್ಲಿಸಿದನು. ನೈಸೀಯದ ವಿಶ್ವಾಸಕ್ಕಾಗಿ ಹೋರಾಡಿದ ಸಂತ ಅಥನಾಸಿಯಸರನ್ನು 335ರಲ್ಲಿ ಗಡೀಪಾರು ಮಾಡಿದನು. ಅರಮನೆಯ ಆಶ್ರಯದೊಡನೆ ಅರಮನೆಯ ಹಸ್ತಕ್ಷೇಪವೂ ಧರ್ಮಸಭೆಯೊಳಗೆ ಕಾಲಿಟ್ಟಿತು. ತನ್ನ ಹೆಸರಿನ ಹೊಸ ರಾಜಧಾನಿಯನ್ನು 330ರಲ್ಲಿ ಉದ್ಘಾಟಿಸಿದ ಆತನು ಜ್ಞಾನಸ್ನಾನ ಪಡೆದದ್ದು ಮರಣಶಯ್ಯೆಯಲ್ಲಿ. 337ರ ಮೇ 22ರಂದು, ಪೆಂತೆಕೋಸ್ತ್ ಹಬ್ಬದ ದಿನ, ನಿಧನನಾದನು.

ಆತನಿಗೂ ಮುನ್ನ ಸುಮಾರು ಮುನ್ನೂರು ವರ್ಷ ರಾಜಾಶ್ರಯವಿಲ್ಲದೆ ವಿಶ್ವಾಸವನ್ನು ಕಾಪಾಡಿದವರು ಬಡವರು, ಆಳುಗಳು, ವಿಧವೆಯರು, ರಕ್ತಸಾಕ್ಷಿಗಳು. ಕಾನ್‌ಸ್ಟಂಟೈನನು ಕೊಟ್ಟದ್ದು ಸ್ವಾತಂತ್ರ್ಯವನ್ನು. ವಿಶ್ವಾಸವನ್ನು ಕೊಟ್ಟವರು ಅವರು. ಅರಸನಿಗೆ ಕೃತಜ್ಞರಾಗಿರೋಣ, ಆದರೆ ನಮ್ಮ ದೇವಾಲಯದ ಎರಡನೆಯ ಶತಮಾನದಲ್ಲಿ ಆ ಸಾಮಾನ್ಯರ ದಾರಿಯಲ್ಲೇ ನಡೆಯೋಣವೆಂಬುದು ನಮ್ಮ ಹಾರೈಕೆ.