ದೊಡ್ಡವರ ಉಡುಪಿನಲ್ಲಿ ಮುಳುಗಿದ ಹುಡುಗ

ನಮ್ಮ ಕಲಘಟಗಿ ಸೀಮೆಯಲ್ಲಿ ಹುಡುಗರು ಈಜು ಕಲಿಯುವುದು ಹೊಲದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆ ಬುರುಡೆ, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಹಿಡಿದು ಮೆಟ್ಟಿಲ ಮೇಲೆ ಕಾಕಾನೋ ಮಾಮಾನೋ ನಿಂತಿರುತ್ತಾರೆ. ನನ್ನ ಅಕ್ಕನ ಮಗ ಕಲಿತದ್ದೂ ಹೀಗೆಯೇ. ಅವನಿಗೀಗ ಒಂಬತ್ತು ವರ್ಷ. ರಜೆಯಲ್ಲಿ ಮುರ್ಡೇಶ್ವರಕ್ಕೆ ಹೋದಾಗ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಫಲಕ ನೋಡಿ ಬಂದವನು, ತಾನೂ ಸಮುದ್ರದೊಳಗೆ ಇಳಿಯಬೇಕೆಂದು ಹಟ ಹಿಡಿದಿದ್ದಾನೆ. ಈಜು ಬರುತ್ತದಲ್ಲ ಎಂಬುದು ಅವನ ವಾದ. ಸಮುದ್ರವೆಂದರೆ ಬಾವಿಯಲ್ಲ ಎಂಬುದು ಅಕ್ಕನ ಭಯ. ತೀರ್ಪು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಗ ನೆನಪಾದವರು ಜೆ.ಬಿ.ಎಸ್. ಹಾಲ್ಡೇನ್.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಹೆಸರು ಹೊಸದಲ್ಲ. ಜೀವದ ಉಗಮದ ಬಗ್ಗೆ ಒಪಾರಿನ್-ಹಾಲ್ಡೇನ್ ಸಿದ್ಧಾಂತ ಎಂದು ಬಾಯಿಪಾಠ ಮಾಡಿರುತ್ತೇವೆ. ಆದರೆ ಈ ಹಾಲ್ಡೇನ್ ಹದಿಮೂರನೇ ವಯಸ್ಸಿನಲ್ಲೇ ಸಮುದ್ರದ ತಳಕ್ಕೆ ಇಳಿದಿದ್ದರು, ಇಳಿಸಿದ್ದು ಅವರ ತಂದೆಯೇ ಎಂಬುದು ನಮ್ಮ ನೋಟ್ಸ್‌ಗಳಲ್ಲಿ ಇರುವುದಿಲ್ಲ.

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ವಿಜ್ಞಾನದಲ್ಲಿ ದೊಡ್ಡ ಹೆಸರು. ಕಲ್ಲಿದ್ದಲ ಗಣಿಗಳಲ್ಲಿ ವಿಷಗಾಳಿ ಪತ್ತೆ ಮಾಡಲು ಪುಟ್ಟ ಹಕ್ಕಿಗಳನ್ನು ಒಯ್ಯಿರಿ ಎಂದು ಸಲಹೆ ಕೊಟ್ಟವರು ಅವರೇ. ಕೆಟ್ಟ ಗಾಳಿ ದೇಹಕ್ಕೆ ಏನು ಮಾಡುತ್ತದೆ ಎಂದು ತಿಳಿಯಲು ಮೊದಲು ತಾವೇ ಅದನ್ನು ಉಸಿರಾಡಿ ನೋಡುತ್ತಿದ್ದರು. ಮಗನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಒಮ್ಮೆ ಗಣಿಯೊಳಗೆ ಹುಡುಗನನ್ನು ನಿಲ್ಲಿಸಿ, ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದ ಭಾಷಣವೊಂದನ್ನು ಹೇಳಲು ಹಚ್ಚಿದರು. ಸ್ವಲ್ಪ ಹೊತ್ತಿಗೆ ಹುಡುಗನಿಗೆ ಏದುಸಿರು ಬಂದು, ಕಾಲು ಸೋತು ನೆಲಕ್ಕೆ ಕುಸಿದ. ನೆಲದ ಬಳಿ ಉಸಿರಾಟ ಸರಾಗವಾಯಿತು. ಮೀಥೇನ್ ಅನಿಲ ಗಾಳಿಗಿಂತ ಹಗುರ, ಅದು ಮೇಲ್ಭಾಗದಲ್ಲಿ ಸೇರಿಕೊಳ್ಳುತ್ತದೆ ಎಂಬ ಪಾಠವನ್ನು ಅವನು ಮತ್ತೆಂದೂ ಮರೆಯಲಿಲ್ಲ.

ಆ ದಿನಗಳಲ್ಲಿ ಬ್ರಿಟಿಷ್ ನೌಕಾಪಡೆಯ ಮುಳುಗುಗಾರರು ಆಳದಿಂದ ಮೇಲೆ ಬಂದ ಮೇಲೆ ಕೀಲು ನೋವಿನಿಂದ ಒದ್ದಾಡುತ್ತಿದ್ದರು. ಕೆಲವರು ಲಕ್ವ ಹೊಡೆದು ಮಲಗುತ್ತಿದ್ದರು, ಕೆಲವರು ಸಾಯುತ್ತಿದ್ದರು. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತ, ಮಾಂಸದಲ್ಲಿ ಕರಗುತ್ತದೆ. ಅವಸರದಲ್ಲಿ ಮೇಲೆ ಬಂದರೆ, ಮುಚ್ಚಳ ತೆಗೆದ ಸೋಡಾ ಬಾಟಲಿಯಂತೆ ದೇಹದೊಳಗೆ ಗುಳ್ಳೆ ಏಳುತ್ತದೆ. ತಂದೆ ಹಾಲ್ಡೇನ್ ಮೇಕೆಗಳ ಮೇಲೆ ಪ್ರಯೋಗ ಮಾಡಿ, ಎಷ್ಟು ಆಳದಿಂದ ಬರುವವರು ಎಲ್ಲೆಲ್ಲಿ ಎಷ್ಟು ಹೊತ್ತು ನಿಂತು ಬರಬೇಕೆಂಬ ಕೋಷ್ಟಕ ರೂಪಿಸಿದರು. 1906ರಲ್ಲಿ ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಅದರ ಪರೀಕ್ಷೆ ನಡೆಯಿತು. ಡ್ಯಾಮಂಟ್ ಮತ್ತು ಕ್ಯಾಟೊ ಎಂಬ ಇಬ್ಬರು ನೌಕಾಪಡೆಯವರು 210 ಅಡಿ ಆಳಕ್ಕೆ ಇಳಿದು ಸುರಕ್ಷಿತವಾಗಿ ಮೇಲೆ ಬಂದರು. 1908ರಲ್ಲಿ ಪ್ರಕಟವಾದ ಆ ಸಂಶೋಧನೆಯೇ ಇಂದಿನ ಸ್ಕೂಬಾ ನಿಯಮಗಳ ಬುನಾದಿ.

ಅದೇ ಹಡಗಿನಲ್ಲಿ ಹದಿಮೂರರ ಮಗನೂ ಇದ್ದ. ಅವನಿಗೂ ಒಮ್ಮೆ ಮುಳುಗಲು ಅವಕಾಶ ಸಿಕ್ಕಿತು. ತಾಮ್ರದ ಶಿರಸ್ತ್ರಾಣ, ರಬ್ಬರು ಹಚ್ಚಿದ ದಪ್ಪ ಬಟ್ಟೆ, ಸೀಸದ ಬೂಟು, ಮೇಲಿನಿಂದ ಗಾಳಿ ಒತ್ತುವ ಕೊಳವೆ. ಎಲ್ಲವೂ ದೊಡ್ಡವರ ಅಳತೆಯದ್ದು. ಹುಡುಗನ ಸಣ್ಣ ಮಣಿಕಟ್ಟಿಗೆ ಉಡುಪಿನ ತೋಳು ಬಿಗಿಯಾಗಿ ಕೂಡಲಿಲ್ಲ. ಅಲ್ಲಿಂದ ನೀರು ಒಳನುಗ್ಗಿತು. ಅವನು ಹೆದರಿ ಒದ್ದಾಡಲಿಲ್ಲ. ಆದರೆ ಮೇಲೆ ಎಳೆದುಕೊಂಡಾಗ ಪೂರ್ತಿ ನೆನೆದು ಚಳಿಗೆ ಗಡಗಡ ನಡುಗುತ್ತಿದ್ದ.

ತಂದೆಯದು ತಪ್ಪೇ? ಗಾಳಿಯ ಲೆಕ್ಕ, ಒತ್ತಡದ ಲೆಕ್ಕವನ್ನು ಜಗತ್ತಿನಲ್ಲಿ ಅವರಷ್ಟು ಬಲ್ಲವರು ಆಗ ಯಾರೂ ಇರಲಿಲ್ಲ. ಮಗ ಧೈರ್ಯಸ್ಥ, ಬುದ್ಧಿವಂತ, ಹೇಳಿದ್ದು ಕೇಳುವವನು. ಅಷ್ಟಿದ್ದೂ ತಪ್ಪಿದ್ದು ಉಡುಪಿನ ಅಳತೆ. ಮಗುವಿನ ಧೈರ್ಯವನ್ನು ಅಳೆದವರು ಮಣಿಕಟ್ಟನ್ನು ಅಳೆಯಲಿಲ್ಲ. ಮೇಲೆ ಹಗ್ಗ ಹಿಡಿದವರು ಎಚ್ಚರವಾಗಿದ್ದರು ಎಂಬ ಕಾರಣಕ್ಕೆ ಹುಡುಗ ಉಳಿದ.

ಆ ಹುಡುಗ ಮುಂದೆ ಓದಿದ್ದು ಗಣಿತ ಮತ್ತು ಪ್ರಾಚೀನ ಗ್ರೀಕ್, ಲ್ಯಾಟಿನ್. ವಿಜ್ಞಾನದಲ್ಲಿ ಅವರಿಗೆ ಪದವಿಯೇ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು, ಚೇತರಿಸಿಕೊಳ್ಳಲು ಭಾರತಕ್ಕೆ ಬಂದಿದ್ದರು. ನಂತರ ಕೇಂಬ್ರಿಜ್ ಮತ್ತು ಲಂಡನ್ನಿನಲ್ಲಿ ಪಾಠ ಮಾಡುತ್ತ, ಡಾರ್ವಿನ್ನನ ನೈಸರ್ಗಿಕ ಆಯ್ಕೆಗೆ ಗಣಿತದ ಬೆನ್ನೆಲುಬು ಕೊಟ್ಟವರಲ್ಲಿ ಒಬ್ಬರಾದರು. 1937ರಲ್ಲಿ ಮಕ್ಕಳಿಗಾಗಿ ಒಂದು ಮಾಯಗಾರನ ಕಥೆಪುಸ್ತಕವನ್ನೂ ಬರೆದರು.

1939ರ ಜೂನ್ 1ರಂದು ಥೆಟಿಸ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಪರೀಕ್ಷಾ ಸಂಚಾರದಲ್ಲೇ ಮುಳುಗಿತು. ಸತ್ತವರು 99 ಜನ, ಬದುಕಿದವರು ನಾಲ್ವರೇ. ಕಾರಣ ಹುಡುಕಲು ಕಾರ್ಮಿಕ ಸಂಘಗಳು ಹಾಲ್ಡೇನ್ ಅವರ ನೆರವು ಕೇಳಿದವು. ಅವರು ಸ್ವಯಂಸೇವಕರೊಂದಿಗೆ ಉಕ್ಕಿನ ಕೋಣೆಯಲ್ಲಿ ಗಂಟೆಗಟ್ಟಲೆ ಕುಳಿತು, ಇಂಗಾಲದ ಡೈಆಕ್ಸೈಡ್ ಏರಿದಂತೆ ಮನುಷ್ಯನ ತಲೆ ಹೇಗೆ ಮಂಕಾಗುತ್ತದೆ ಎಂದು ನೋಡಿದರು. ಯುದ್ಧಕಾಲದಲ್ಲಿ ಒತ್ತಡದಡಿ ಶುದ್ಧ ಆಮ್ಲಜನಕ ಉಸಿರಾಡುವ ಪ್ರಯೋಗ ನಡೆಸಿದಾಗ ಸೆಳವು ಬಂದು ಬೆನ್ನುಮೂಳೆಗೆ ಪೆಟ್ಟಾಯಿತು. ಆ ನೋವು ಕೊನೆವರೆಗೂ ಉಳಿಯಿತು. ಕಿವಿಯ ತಮಟೆಯೂ ಹರಿಯಿತು. ಅಪಾಯದ ಆ ಕೋಣೆಗೆ ಅವರು ಕರೆದದ್ದು ಬೇಡ ಎನ್ನಬಲ್ಲ ವಯಸ್ಕರನ್ನು, ಎಲ್ಲರಿಗಿಂತ ಮೊದಲು ತಮ್ಮನ್ನೇ.

1957ರಲ್ಲಿ ಅವರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು, ಭಾರತದ ಪೌರತ್ವ ಪಡೆದರು, ಇಲ್ಲಿನ ಉಡುಗೆ ತೊಟ್ಟರು. ಆಮೇಲೆ ಭುವನೇಶ್ವರದಲ್ಲಿ ತಳಿವಿಜ್ಞಾನದ ಪ್ರಯೋಗಾಲಯ ಕಟ್ಟಿದರು. 1964ರ ಡಿಸೆಂಬರ್ 1ರಂದು ಅಲ್ಲೇ ಕ್ಯಾನ್ಸರ್‌ನಿಂದ ತೀರಿಕೊಂಡರು. ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಕೊಡಲಾಯಿತು.

ಇಂದು ಸ್ಕೂಬಾ ತರಬೇತಿಯ ಪಾಡಿ ಸಂಸ್ಥೆ ಎಂಟು ವರ್ಷದ ಮಕ್ಕಳನ್ನು ಈಜುಕೊಳದಲ್ಲಿ ಎರಡು ಮೀಟರ್‌ವರೆಗೆ ಮಾತ್ರ ಬಿಡುತ್ತದೆ. ಕಿರಿಯರ ಪ್ರಮಾಣಪತ್ರ ತರಬೇತಿಗೆ ಹತ್ತು ತುಂಬಿರಬೇಕು, ಆ ವಯಸ್ಸಿನವರಿಗೆ ಹನ್ನೆರಡು ಮೀಟರ್ ಮಿತಿ. ಕಾರಣಗಳಿವೆ. ಮಕ್ಕಳ ಕಿವಿ-ಗಂಟಲ ನಡುವಿನ ನಾಳ ಕಿರಿದು, ನೆಗಡಿಯಾದರೆ ಕಟ್ಟಿಕೊಳ್ಳುತ್ತದೆ. ಸಣ್ಣ ಮೈ ಬೇಗ ತಣ್ಣಗಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾವಿಯಲ್ಲಿ ಉಸಿರು ಕಟ್ಟುವುದೇ ಜಾಣತನ, ಸ್ಕೂಬಾದಲ್ಲಿ ಅದೇ ಅಪಾಯ. ಹತ್ತು ಮೀಟರ್ ಆಳದಲ್ಲಿ ಎದೆ ತುಂಬಿದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಹಿಡಿದರೆ ಶ್ವಾಸಕೋಶ ಹರಿಯಬಹುದು. ಗಾಬರಿಯಲ್ಲೂ ಉಸಿರು ಬಿಡಬೇಕೆಂದು ನೆನಪಿಟ್ಟುಕೊಳ್ಳುವ ಮಗು ಸಿದ್ಧವಾಗಿದೆ, ಉಳಿದದ್ದು ಇನ್ನೂ ಇಲ್ಲ.

ಈ ಲೆಕ್ಕ ಸಮುದ್ರಕ್ಕೆ ಮಾತ್ರವಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಿವೆ. ಬಾವಿಯಲ್ಲಿ ಈಸಿದ ಹುಡುಗನೂ ಅದರ ಜಾರುವ ದಂಡೆ ಹತ್ತಲಾರ. ಅಲ್ಲಿ ಹಗ್ಗ ಹಿಡಿದು ನಿಲ್ಲುವವರೂ ಇರುವುದಿಲ್ಲ.

ಅಳಿಯನನ್ನು ಕೂರಿಸಿಕೊಂಡು ಈ ಕಥೆ ಹೇಳಿದೆ. ಈ ವರ್ಷ ನೇತ್ರಾಣಿ ಬೇಡ. ಮೊದಲು ಈಜುಕೊಳ, ತರಬೇತಿ ಪಡೆದವರ ಕೈಕೆಳಗೆ. ಹತ್ತು ತುಂಬಿದ ಮೇಲೆ ವೈದ್ಯರು ಕಿವಿ, ಎದೆ ನೋಡಲಿ, ಅವನ ಅಳತೆಯ ಉಡುಪು ಸಿಗಲಿ. ಕೊನೆಗೆ ದೋಣಿಯಲ್ಲಿ ಕುಳಿತ ಮೇಲೂ ಬೇಡ ಅನಿಸಿದರೆ ಹಾಗೆ ಹೇಳುತ್ತೇನೆಂದು ಅವನು ಮಾತು ಕೊಡಬೇಕು. ಹೇಳಿದರೆ ಯಾರೂ ಅಣಕಿಸುವುದಿಲ್ಲ ಎಂದು ನಾವು ಮಾತು ಕೊಡಬೇಕು. ಅವನು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ. ಆಮೇಲೆ, ಅಷ್ಟು ಶಾಣ್ಯಾ ಅಪ್ಪ ಮಗನ ಅಳತೆಗೆ ಒಂದು ಉಡುಪು ಯಾಕೆ ಹೊಲಿಸಲಿಲ್ಲ ಎಂದು ಕೇಳಿದ. ಹುಡುಗ ಸಿದ್ಧವಾಗುತ್ತಿದ್ದಾನೆ ಎಂದು ಅಕ್ಕನಿಗೂ ನನಗೂ ಆಗಲೇ ಅನಿಸಿದ್ದು.