ಅರವತ್ತನೆಯ ಗೋಲು

ಮಕ್ಕಳೇ, ಕಾಲ್ಚೆಂಡಾಟವನ್ನು ನೀವೆಲ್ಲರೂ ಆಡಿದ್ದೀರಿ, ಇಲ್ಲವೇ ನೋಡಿದ್ದೀರಿ. ಹನ್ನೊಂದು ಮಂದಿಯ ತಂಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸವಿರುತ್ತದೆ. ಒಬ್ಬ ಗೋಲು ಕಾಯುತ್ತಾನೆ. ಕೆಲವರು ಎದುರಾಳಿಗಳನ್ನು ತಡೆಯುತ್ತಾರೆ. ಎಲ್ಲರಿಗಿಂತ ಮುಂದೆ ನಿಂತು ಚೆಂಡನ್ನು ಬಲೆಗೆ ಸೇರಿಸುವವನನ್ನು ಸ್ಟ್ರೈಕರ್ ಎನ್ನುತ್ತಾರೆ. ಹಿಂದೆ ಅವನನ್ನು ಸೆಂಟರ್ ಫಾರ್ವರ್ಡ್ ಎನ್ನುತ್ತಿದ್ದರು. ಇಂಗ್ಲೆಂಡಿನ ಅಂಥ ಒಬ್ಬ ಆಟಗಾರರು ಒಂದೇ ವರ್ಷದ ಲೀಗ್ ಪಂದ್ಯಗಳಲ್ಲಿ 60 ಗೋಲು ಹೊಡೆದರು. ಅವರೇ ಡಿಕ್ಸಿ ಡೀನ್. ಅದಕ್ಕೆ ಎರಡು ವರ್ಷ ಮೊದಲು, ಅವರು ಇನ್ನು ಮುಂದೆ ಆಡಲಾರರು ಎಂದು ವೈದ್ಯರು ಹೇಳಿದ್ದರು. ಅವರ ಕಥೆಯನ್ನು ಈಗ ಓದೋಣ.

ಇಂಗ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮರ್ಸಿ ಎಂಬ ನದಿ ಸಮುದ್ರವನ್ನು ಸೇರುತ್ತದೆ. ನದಿಯ ಒಂದು ದಡದಲ್ಲಿ ಲಿವರ್‌ಪೂಲ್ ಎಂಬ ದೊಡ್ಡ ಬಂದರು ನಗರವಿದೆ. ಎದುರು ದಡದಲ್ಲಿರುವುದು ಬರ್ಕನ್‌ಹೆಡ್ ಪಟ್ಟಣ. ಅಲ್ಲಿ 1907ರ ಜನವರಿ 22ರಂದು ವಿಲಿಯಂ ರಾಲ್ಫ್ ಡೀನ್ ಹುಟ್ಟಿದರು. ತಂದೆ ರೈಲು ಎಂಜಿನಿನ ಚಾಲಕರಾಗಿದ್ದರು. ಹುಡುಗನನ್ನು ಮನೆಯವರೂ ಗೆಳೆಯರೂ ಬಿಲ್ ಎಂದು ಕರೆಯುತ್ತಿದ್ದರು. ಡಿಕ್ಸಿ ಎಂಬುದು ಮುಂದೆ ಜನರು ಇಟ್ಟ ಅಡ್ಡಹೆಸರು. ಅದು ಅವರಿಗೆ ಇಷ್ಟವಿರಲಿಲ್ಲ. ಆದರೆ ಲೋಕಕ್ಕೆ ಆ ಹೆಸರೇ ಉಳಿಯಿತು.

ಬಿಲ್ ಬಾಲಕನಾಗಿದ್ದಾಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಅವನು ಬೆಳಗಿನ ಜಾವವೇ ಎದ್ದು ಮನೆಮನೆಗೆ ಹಾಲು ಹಂಚುವ ಕೆಲಸಕ್ಕೆ ಹೋಗುತ್ತಿದ್ದ. ಶಾಲೆಯ ಪಾಠಗಳಿಗಿಂತ ಚೆಂಡಿನ ಮೇಲೆಯೇ ಅವನಿಗೆ ಹೆಚ್ಚು ಪ್ರೀತಿ. ಎಂಟು ವರ್ಷದವನಾಗಿದ್ದಾಗ ತಂದೆ ಅವನನ್ನು ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಮೈದಾನಕ್ಕೆ ಕರೆದೊಯ್ದರು. ಅದು ಆಗ ಎವರ್ಟನ್ ತಂಡದ ಮೈದಾನವಾಗಿತ್ತು. ಆ ವರ್ಷ ಎವರ್ಟನ್ ತಂಡವೇ ಲೀಗನ್ನು ಗೆದ್ದಿತು. ಆಡಿದರೆ ಈ ತಂಡದಲ್ಲೇ ಆಡಬೇಕೆಂದು ಹುಡುಗನ ಮನಸ್ಸು ಅಂದೇ ನಿರ್ಧರಿಸಿತು.

ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಶಾಲೆ ಬಿಟ್ಟು ರೈಲ್ವೆಯಲ್ಲಿ ಫಿಟ್ಟರ್ ಕೆಲಸ ಕಲಿಯಲು ಸೇರಿದ. ಹಗಲೆಲ್ಲ ಕೆಲಸವಾದರೆ ಆಡುವುದು ಯಾವಾಗ? ಜತೆಗಿದ್ದ ಹುಡುಗರಿಗೆ ರಾತ್ರಿಪಾಳಿ ಎಂದರೆ ಬೇಸರ. ಅಲ್ಲಿ ಇಲಿಗಳ ಕಾಟವೂ ಇತ್ತು. ಬಿಲ್ ಅವರ ರಾತ್ರಿಪಾಳಿಯನ್ನು ತಾನೇ ವಹಿಸಿಕೊಂಡ. ಇದರಿಂದ ಹಗಲು ಹೊತ್ತು ಆಟಕ್ಕೆ ಸಿಕ್ಕಿತು.

ಈ ಶ್ರಮ ವ್ಯರ್ಥವಾಗಲಿಲ್ಲ. 1923ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಊರಿನ ಟ್ರಾನ್‌ಮಿಯರ್ ರೋವರ್ಸ್ ತಂಡ ಅವನನ್ನು ಸೇರಿಸಿಕೊಂಡಿತು. ಅದು ಮೂರನೆಯ ದರ್ಜೆಯ ಸಣ್ಣ ತಂಡ. ಅಲ್ಲಿ ಅವನು ಹೊಡೆದ ಗೋಲುಗಳ ಸುದ್ದಿ ದೊಡ್ಡ ತಂಡಗಳ ಕಿವಿಗೂ ಬಿತ್ತು. 1925ರ ಮಾರ್ಚಿನಲ್ಲಿ ಎವರ್ಟನ್ ತಂಡದ ಕಾರ್ಯದರ್ಶಿ ಬರ್ಕನ್‌ಹೆಡ್ಡಿಗೇ ಬಂದರು. ತಾಯಿಯಿಂದ ಈ ಸುದ್ದಿ ತಿಳಿದ ಬಿಲ್ ಸಂತೋಷ ತಾಳಲಾರದೆ, ಅವರು ಇಳಿದುಕೊಂಡಿದ್ದ ಹೋಟೆಲಿಗೆ ಓಡುತ್ತಲೇ ಹೋದ. ಎವರ್ಟನ್ ಅವನಿಗಾಗಿ ಟ್ರಾನ್‌ಮಿಯರ್ ತಂಡಕ್ಕೆ 3,000 ಪೌಂಡು ಕೊಟ್ಟಿತು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ಹದಿನೆಂಟು ವರ್ಷದ ಹುಡುಗನ ಕನಸು ನನಸಾಗಿತ್ತು. ಮರುವರ್ಷದ ಲೀಗಿನಲ್ಲಿ ಡೀನ್ 32 ಗೋಲು ಹೊಡೆದರು.

ಆಗ ಒದಗಿತು ದೊಡ್ಡ ಆಪತ್ತು. 1926ರ ಬೇಸಿಗೆಯಲ್ಲಿ ಡೀನ್ ವೇಲ್ಸ್ ಪ್ರದೇಶದ ರಸ್ತೆಯೊಂದರಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಅಪಘಾತವಾಯಿತು. ತಲೆಬುರುಡೆ ಬಿರುಕುಬಿಟ್ಟಿತು. ದವಡೆ ಮುರಿಯಿತು. ಒಂದು ದಿನಕ್ಕೂ ಹೆಚ್ಚು ಕಾಲ ಅವರಿಗೆ ಪ್ರಜ್ಞೆಯೇ ಇರಲಿಲ್ಲ. ಬದುಕುವುದೇ ಕಷ್ಟ ಎನ್ನುವ ಸ್ಥಿತಿ. ಬದುಕಿದರೂ ಕಾಲ್ಚೆಂಡಾಟ ಇನ್ನಿಲ್ಲ ಎಂದು ವೈದ್ಯರು ಹೇಳಿದರು.

ವೈದ್ಯರ ಮಾತಿಗೆ ಕಾರಣವಿತ್ತು. ಅಂದಿನ ಚೆಂಡು ದಪ್ಪ ಚರ್ಮದ್ದು. ಅದರ ಬಾಯಿಯನ್ನು ಲೇಸಿನಿಂದ ಬಿಗಿದು ಕಟ್ಟುತ್ತಿದ್ದರು. ಮಳೆಯಲ್ಲಿ ನೆನೆದರೆ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು. ತಲೆಯಿಂದ ಹೊಡೆಯುವುದೇ ಡೀನರ ದೊಡ್ಡ ಬಲ. ಎಲ್ಲರಿಗಿಂತ ಎತ್ತರಕ್ಕೆ ಹಾರಿ, ಹಣೆಯಿಂದ ಚೆಂಡನ್ನು ಗುರಿಯಿಟ್ಟು ಹೊಡೆಯುತ್ತಿದ್ದರು. ಬಿರುಕುಬಿಟ್ಟ ತಲೆಗೆ ಅಂಥ ಚೆಂಡು ಬಡಿದರೆ ಗತಿಯೇನು?

ಡೀನ್ ಧೈರ್ಯಗೆಡಲಿಲ್ಲ. ಮೂಳೆಗಳು ಕೂಡಿಕೊಳ್ಳುವವರೆಗೆ ತಾಳ್ಮೆಯಿಂದ ಕಾದರು. ಮತ್ತೆ ಅಭ್ಯಾಸ ಮಾಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಲೀಡ್ಸ್ ತಂಡದ ವಿರುದ್ಧ ಮೈದಾನಕ್ಕಿಳಿದರು. ಎಲ್ಲರ ಕಣ್ಣೂ ಅವರ ಮೇಲೆಯೇ. ಚೆಂಡು ಎತ್ತರದಲ್ಲಿ ತೇಲಿ ಬಂದಿತು. ಡೀನ್ ಹಾರಿದರು. ತಲೆಯಿಂದಲೇ ಗೋಲು ಹೊಡೆದರು! ಜನರ ಅನುಮಾನ ಅಂದಿಗೆ ತೀರಿತು.

ಮುಂದಿನದು 1927–28ರ ಲೀಗ್. ಪ್ರತಿಯೊಂದು ತಂಡಕ್ಕೂ 42 ಪಂದ್ಯಗಳು. ಹಿಂದಿನ ವರ್ಷವಷ್ಟೇ ಎರಡನೆಯ ದರ್ಜೆಯ ಲೀಗಿನಲ್ಲಿ ಮಿಡಲ್ಸ್‌ಬರೋ ತಂಡದ ಜಾರ್ಜ್ ಕ್ಯಾಮ್ಸೆಲ್ 59 ಗೋಲು ಹೊಡೆದು ದಾಖಲೆ ಮಾಡಿದ್ದರು. ಗೋಲುಗಳು ಹೀಗೆ ಹೆಚ್ಚಲು ನಿಯಮದ ಬದಲಾವಣೆಯೂ ಒಂದು ಕಾರಣ. ಸಂಗಡಿಗನು ಚೆಂಡನ್ನು ಕಳುಹಿಸುವ ಹೊತ್ತಿಗೆ, ಮುಂದೆ ನಿಂತ ಆಟಗಾರನಿಗೂ ಗೋಲು ಗೆರೆಗೂ ನಡುವೆ ಎದುರಾಳಿಗಳು ಕನಿಷ್ಠ ಮೂವರು ಇರಬೇಕೆಂಬ ನಿಯಮ ಮೊದಲಿತ್ತು. 1925ರಲ್ಲಿ ಅದನ್ನು ಇಬ್ಬರಿಗೆ ಇಳಿಸಿದರು. ಇದರಿಂದ ಮುಂಚೂಣಿ ಆಟಗಾರರಿಗೆ ಅನುಕೂಲವಾಯಿತು. ಆದರೆ ಆ ಅನುಕೂಲ ಎಲ್ಲ ತಂಡಗಳಿಗೂ ಒಂದೇ ಆಗಿತ್ತು. ಅದನ್ನು ಡೀನರಷ್ಟು ಚೆನ್ನಾಗಿ ಬಳಸಿಕೊಂಡವರು ಇನ್ನೊಬ್ಬರಿಲ್ಲ.

ಲೀಗ್ ಮುಗಿಯುತ್ತಾ ಬಂದಿತು. ಕೊನೆಯ ಪಂದ್ಯಕ್ಕೆ ಒಂದು ವಾರ ಮೊದಲು ಬರ್ನ್‌ಲಿ ತಂಡದ ವಿರುದ್ಧ ಡೀನ್ ನಾಲ್ಕು ಗೋಲು ಹೊಡೆದರು. ಒಟ್ಟು 57 ಆಯಿತು. ದಾಖಲೆ ಮುರಿಯಲು ಇನ್ನೂ ಮೂರು ಬೇಕು. ಉಳಿದಿರುವುದು ಒಂದೇ ಪಂದ್ಯ. ಎದುರಾಳಿ ಬಲಿಷ್ಠವಾದ ಆರ್ಸೆನಲ್ ತಂಡ.

1928ರ ಮೇ 5. ಗುಡಿಸನ್ ಪಾರ್ಕ್ ಜನರಿಂದ ಕಿಕ್ಕಿರಿದಿತ್ತು. ಮೊದಲ ಗೋಲನ್ನು ಆರ್ಸೆನಲ್ ತಂಡವೇ ಹೊಡೆಯಿತು. ಸ್ವಲ್ಪ ಹೊತ್ತಿನಲ್ಲೇ ಡೀನ್ ಅದಕ್ಕೆ ಉತ್ತರ ಕೊಟ್ಟರು. 58! ಬಳಿಕ ಎವರ್ಟನ್‌ಗೆ ಪೆನಾಲ್ಟಿ ದೊರೆಯಿತು. ಡೀನ್ ತಪ್ಪದೆ ಗುರಿ ಮುಟ್ಟಿಸಿದರು. 59! ಆಮೇಲೆ ಹೊತ್ತು ಸರಿಯುತ್ತಾ ಹೋಯಿತು, ಗೋಲು ಮಾತ್ರ ಬರಲಿಲ್ಲ. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಎವರ್ಟನ್‌ಗೆ ಮೂಲೆಯ ಒದೆತ ಸಿಕ್ಕಿತು. ಅಲೆಕ್ ಟ್ರೂಪ್ ಎಂಬ ಗಿಡ್ಡ ಆಟಗಾರರು ಮೂಲೆಯಿಂದ ಚೆಂಡನ್ನು ಮೇಲಕ್ಕೆ ಒದ್ದರು. ಗುಂಪಿನ ನಡುವಿನಿಂದ ಡೀನ್ ಮೇಲೆದ್ದರು. ಚೆಂಡು ಅವರ ಹಣೆಗೆ ತಗುಲಿ ಬಲೆಯೊಳಗೆ ಹೋಯಿತು. 60! ಎರಡು ವರ್ಷಗಳ ಹಿಂದೆ ಒಡೆದಿದ್ದ ಅದೇ ತಲೆ ಈ ಗೋಲನ್ನು ತಂದಿತ್ತು. ಮೈದಾನದ ಸುತ್ತಲೂ ಹರ್ಷೋದ್ಗಾರ ಮುಗಿಲು ಮುಟ್ಟಿತು. ಪಂದ್ಯ 3–3 ಸಮವಾಯಿತು. ಆ ವರ್ಷದ ಲೀಗ್ ಪ್ರಶಸ್ತಿ ಎವರ್ಟನ್ ಪಾಲಾಯಿತು.

ಇಲ್ಲೊಂದು ಲೆಕ್ಕ ನೋಡಿ. ಆ ವರ್ಷ ಲೀಗಿನಲ್ಲಿ ಎವರ್ಟನ್ ಹೊಡೆದದ್ದು ಒಟ್ಟು 102 ಗೋಲು. ಅದರಲ್ಲಿ 60 ಡೀನರದು. ಅದೂ ಅವರು ಆಡಿದ್ದು 39 ಪಂದ್ಯಗಳಲ್ಲಿ ಮಾತ್ರ. ಹಾಗೆಂದು ಇದು ಒಬ್ಬರದೇ ಸಾಧನೆಯಲ್ಲ. ಟ್ರೂಪ್ ಅವರಂಥ ಸಂಗಡಿಗರು ಚೆಂಡನ್ನು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ಕಳುಹಿಸದಿದ್ದರೆ ಡೀನ್ ಎಷ್ಟು ಎತ್ತರಕ್ಕೆ ಹಾರಿದರೂ ಫಲವಿರುತ್ತಿರಲಿಲ್ಲ.

ಏಳಿನ ಹಿಂದೆ ಬೀಳು ಇರುತ್ತದೆ. 1930ರಲ್ಲಿ ಎವರ್ಟನ್ ಕಡೆಯ ಸ್ಥಾನಕ್ಕೆ ಕುಸಿದು ಎರಡನೆಯ ದರ್ಜೆಗೆ ಇಳಿಯಿತು. ಡೀನ್ ತಂಡವನ್ನು ಬಿಟ್ಟುಹೋಗಲಿಲ್ಲ. 1931ರಲ್ಲಿ ತಂಡ ಎರಡನೆಯ ದರ್ಜೆಯನ್ನು ಗೆದ್ದು ಮೇಲೆ ಬಂದಿತು. 1932ರಲ್ಲಿ ಮತ್ತೆ ಮೊದಲ ದರ್ಜೆಯ ಲೀಗನ್ನೇ ಗೆದ್ದಿತು. 1933ರಲ್ಲಿ ಡೀನರ ನಾಯಕತ್ವದಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡವನ್ನು 3–0ರಿಂದ ಸೋಲಿಸಿ ಎಫ್.ಎ. ಕಪ್ಪನ್ನೂ ಪಡೆಯಿತು. ಎಫ್.ಎ. ಕಪ್ ಫೈನಲ್ ಪಂದ್ಯದಲ್ಲಿ ಆಟಗಾರರ ಬೆನ್ನಿನ ಮೇಲೆ ಸಂಖ್ಯೆಗಳಿದ್ದದ್ದು ಅದೇ ಮೊದಲು. ಡೀನರ ಸಂಖ್ಯೆ 9. ಇಂಗ್ಲೆಂಡ್ ದೇಶದ ಪರವಾಗಿ ಅವರು 16 ಪಂದ್ಯಗಳನ್ನು ಆಡಿ 18 ಗೋಲು ಹೊಡೆದರು.

1938ರಲ್ಲಿ ಡೀನ್ ಎವರ್ಟನ್ ತಂಡವನ್ನು ಬಿಟ್ಟರು. ಆ ವೇಳೆಗೆ ತಂಡಕ್ಕಾಗಿ ಅವರು ಹೊಡೆದಿದ್ದ ಗೋಲುಗಳು 383. ಎದುರಾಳಿಗಳು ಅವರನ್ನು ಒದ್ದು, ತಳ್ಳಿ ನೋಯಿಸಿದ್ದು ಎಷ್ಟೋ ಸಲ. ಆದರೂ ಕೆಟ್ಟ ಆಟಕ್ಕಾಗಿ ರೆಫರಿ ಅವರನ್ನು ಮೈದಾನದಿಂದ ಹೊರಗೆ ಕಳುಹಿಸಿದ್ದು ಒಮ್ಮೆಯೂ ಇಲ್ಲ.

ಇಷ್ಟು ಹೆಸರು ಮಾಡಿದವರು ಬಹಳ ಹಣವಂತರಾಗಿರಬೇಕು ಎಂದು ನಿಮಗೆ ಅನಿಸಬಹುದು. ಹಾಗಾಗಲಿಲ್ಲ. ಆ ಕಾಲದಲ್ಲಿ ಎಷ್ಟೇ ದೊಡ್ಡ ಆಟಗಾರನಿಗಾದರೂ ವಾರಕ್ಕೆ 8 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಸಂಬಳದ ಮಿತಿಯನ್ನು ತೆಗೆದುಹಾಕಿದ್ದು 1961ರಲ್ಲಿ. ಎರಡನೆಯ ಮಹಾಯುದ್ಧದ ಬಳಿಕ ಡೀನ್ ಚೆಸ್ಟರ್ ನಗರದಲ್ಲಿ ಒಂದು ಪಾನಗೃಹ ನಡೆಸಿದರು. ಅನಂತರ ಲಿವರ್‌ಪೂಲಿನ ಕಂಪೆನಿಯೊಂದರಲ್ಲಿ ಪೋರ್ಟರ್ ಕೆಲಸ ಮಾಡಿದರು. ರೈಲ್ವೆಯ ರಾತ್ರಿಪಾಳಿಯಿಂದ ಬದುಕು ಆರಂಭಿಸಿದ ಅವರಿಗೆ ಯಾವ ಕೆಲಸವೂ ಕೀಳೆನಿಸಲಿಲ್ಲ. 1964ರಲ್ಲಿ ಅವರ ಗೌರವಾರ್ಥ ಗುಡಿಸನ್ ಪಾರ್ಕಿನಲ್ಲಿ ಪಂದ್ಯವೊಂದನ್ನು ಏರ್ಪಡಿಸಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು.

1976ರಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ಅವರ ಬಲಗಾಲನ್ನು ಕತ್ತರಿಸಬೇಕಾಯಿತು. ಆದರೆ ಆಟದ ಮೇಲಿನ ಪ್ರೀತಿ ಕುಂದಲಿಲ್ಲ. 1980ರ ಮಾರ್ಚ್ 1ರಂದು ಎವರ್ಟನ್ ಮತ್ತು ಲಿವರ್‌ಪೂಲ್ ತಂಡಗಳ ಪಂದ್ಯ ನೋಡಲು ಅವರು ಗುಡಿಸನ್ ಪಾರ್ಕಿಗೆ ಬಂದರು. ಅಲ್ಲಿಯೇ ಹೃದಯಾಘಾತವಾಗಿ ತೀರಿಕೊಂಡರು. ಆಗ ಅವರಿಗೆ 73 ವರ್ಷ. ತಂದೆಯ ಜತೆ ಬಾಲಕನಾಗಿ ಬಂದದ್ದೂ, ಅರವತ್ತನೆಯ ಗೋಲು ಹೊಡೆದದ್ದೂ ಅದೇ ಮೈದಾನದಲ್ಲಿ.

2001ರಲ್ಲಿ ಗುಡಿಸನ್ ಪಾರ್ಕಿನ ಮುಂದೆ ಅವರ ಪ್ರತಿಮೆಯನ್ನು ನಿಲ್ಲಿಸಲಾಯಿತು. ಇಂದು ಇಂಗ್ಲೆಂಡಿನ ಆಟಗಾರರಿಗೆ ಹಗುರವಾದ ಚೆಂಡು, ಹಸನಾದ ಮೈದಾನ, ನುರಿತ ವೈದ್ಯರು ಎಲ್ಲವೂ ಇವೆ. ಆದರೂ ಎರ್ಲಿಂಗ್ ಹಾಲಂಡ್ 2022–23ರ ಪ್ರೀಮಿಯರ್ ಲೀಗಿನಲ್ಲಿ 36 ಗೋಲು ಹೊಡೆದಾಗ ಜಗತ್ತು ಬೆರಗಾಯಿತು. ಡೀನರ ಅರವತ್ತನ್ನು ಇಂಗ್ಲೆಂಡಿನ ಮೊದಲ ದರ್ಜೆಯಲ್ಲಿ ಇನ್ನೂ ಯಾರೂ ಮುಟ್ಟಿಲ್ಲ.