ಕರಡಿಯ ಜಾಡು ಮತ್ತು ಕೆನೆತ್ ಆಂಡರ್‌ಸನ್

ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿ ಬೆಳೆದ ನಮಗೆ ಕೆನೆತ್ ಆಂಡರ್‌ಸನ್ ಬೆಂಗಳೂರಿನವರೇ. ಆದರೆ 1910ರಲ್ಲಿ ಅವರು ಹುಟ್ಟಿದ್ದು ನಾನೀಗ ಕೆಲಸ ಮಾಡುವ ಹೈದರಾಬಾದಿನ ಬೊಲ್ಲಾರಂನಲ್ಲಿ. ಬೆಂಗಳೂರಿನಲ್ಲಿ ಓದು, ವಿಮಾನ ಕಾರ್ಖಾನೆಯಲ್ಲಿ ನೌಕರಿ, ಬಿಡುವು ಸಿಕ್ಕರೆ ಕಾಡು.

ಅರಸೀಕೆರೆ ಸಮೀಪದ ನಾಗವಾರ ಬೆಟ್ಟಗಳಲ್ಲಿ ಒಂದು ಕರಿ ಕರಡಿ ಕನಿಷ್ಠ 12 ಜನರನ್ನು ಕೊಂದಿತ್ತು. ಅವರಲ್ಲಿ ಆಂಡರ್‌ಸನ್ನರ ಗೆಳೆಯ ಆಲಂ ಬಕ್ಷ್‌ನ ಮಗನೂ ಒಬ್ಬ. ಅಷ್ಟು ದೊಡ್ಡ ಸೀಮೆಯಲ್ಲಿ ಒಂದು ಕರಡಿಯನ್ನು ಎಲ್ಲಿ ಕಾಯುವುದು? ಹಣ್ಣುದುರುವ ಅತ್ತಿಮರ, ಕೆದರಿದ ಗೆದ್ದಲ ಹುತ್ತ, ಕಡಲೆಕಾಯಿ ಹೊಲ, ಹಗಲು ಮಲಗುವ ಬಂಡೆಸಂದು. ಇವು ಅದರ ದಾರಿ. ಯಾವ ಮರ ಹಣ್ಣಾಗಿದೆ, ಯಾವ ಹೊಲಕ್ಕೆ ಕರಡಿ ಬಿದ್ದಿದೆ ಎಂಬುದು ನಕಾಶೆಯಲ್ಲಿ ಇರುವುದಿಲ್ಲ, ಊರವರ ಬಾಯಲ್ಲಿರುತ್ತದೆ. ಆಂಡರ್‌ಸನ್ನರಿಗೆ ಕನ್ನಡ ಬರುತ್ತಿತ್ತು. ಮೊದಲ ಪ್ರಯತ್ನಗಳಲ್ಲಿ ಬರಿಗೈಲಿ ಮರಳಿದರೂ ಕೊನೆಗೆ ಅದನ್ನು ಹೊಡೆದರು.

ಮುಂದೆ ಕೋವಿಗಿಂತ ಕ್ಯಾಮೆರಾ ಹಿಡಿದರು, ವನ್ಯಜೀವಿಗಳ ಪರ ನಿಂತರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಅವರು ತೀರಿಕೊಂಡರು.

ಆಫೀಸಿನ ಗೆಳೆಯರು ನಾನು ತೆಲುಗು ಕಲಿಯುವುದೇಕೆಂದು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಅರಸೀಕೆರೆಯ ಹಳ್ಳಿಗರ ನಡುವೆ ಕೂತ ಆಂಡರ್‌ಸನ್.